ಪಕ್ಷೇತರನಿಗೆ ಎರಡು ನಿಮಿಷ

ನಮ್ಮ ಭಾವ ಹದಿನೈದು ವರ್ಷ ಶಾಸಕರಾಗಿದ್ದರು. ಹತ್ತು ವರ್ಷ ಪಕ್ಷದವರಾಗಿ, ಐದು ವರ್ಷ ಪಕ್ಷೇತರರಾಗಿ. ಅಷ್ಟೂ ವರ್ಷ ಅವರ ಫೈಲು ಹೊತ್ತವನು ನಾನು, ಅವರ ಹೆಂಡತಿಯ ತಮ್ಮ. ಜನ ಎದುರಿಗೆ ನನ್ನನ್ನು ಆಪ್ತ ಸಹಾಯಕ ಎನ್ನುತ್ತಿದ್ದರು, ಬೆನ್ನ ಹಿಂದೆ ಬಾಲ ಎನ್ನುತ್ತಿದ್ದರು. ಇರಲಿ, ನಾನು ಹೇಳಹೊರಟಿದ್ದು ಅವರ ಕಥೆ.

ರಾಜಕೀಯಕ್ಕೆ ಬರುವ ಮೊದಲು ಅವರು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರು. ಕಿಟಕಿಯ ಹಿಂದೆ ನಿಂತು, ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಒಬ್ಬೊಬ್ಬರಿಗೂ ಎರಡೆರಡು ಸಲ ಹೇಳುತ್ತಿದ್ದರು. ಆ ತಾಳ್ಮೆಗೆ ಊರೇ ಮರುಳಾಗಿತ್ತು. ಅದನ್ನು ಕಂಡೇ ಪಕ್ಷ ಕರೆದು ಟಿಕೆಟ್ ಕೊಟ್ಟಿತು. ಗೆದ್ದ ಮೇಲೂ ಜನರ ಬಾಯಲ್ಲಿ ಅವರು ಕಾಂಪೌಂಡರೇ.

ಪಕ್ಷದಲ್ಲಿದ್ದಷ್ಟು ದಿನ ಸದನದಲ್ಲಿ ಮೂರನೆಯ ಸಾಲಿನ ಕುರ್ಚಿ, ಮಾತಾಡಲು ಇಪ್ಪತ್ತು ನಿಮಿಷ. ಆದರೆ ಮಾತು ಅವರದಲ್ಲ, ಪಕ್ಷದ ಕಚೇರಿಯಿಂದ ಟೈಪಾಗಿ ಬರುತ್ತಿತ್ತು. ಭಾವ ಓದುತ್ತಿದ್ದರು, ಮೇಜು ಕುಟ್ಟುವವರು ಕುಟ್ಟುತ್ತಿದ್ದರು.

ಹತ್ತನೆಯ ವರ್ಷ ಅವರದೇ ಸರ್ಕಾರ ನಮ್ಮೂರಿನ ಹೆರಿಗೆ ವಾರ್ಡು ಮುಚ್ಚಿತು. ಎಪ್ಪತ್ತು ಕಿಲೋಮೀಟರ್ ದೂರದ ದೊಡ್ಡ ಆಸ್ಪತ್ರೆಯೊಂದಿಗೆ ವಿಲೀನವಂತೆ! ಇದ್ದದ್ದೇ ಎಂಟು ಹಾಸಿಗೆ, ಒಬ್ಬ ಡಾಕ್ಟರು, ಇಬ್ಬರು ನರ್ಸು. ಅದನ್ನು ವಿಲೀನ ಮಾಡಿ ಯಾವ ಸಾಮ್ರಾಜ್ಯ ಕಟ್ಟುವುದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ತಿಂಗಳೊಳಗೆ ಒಬ್ಬಳು ಬಸ್ಸಿನಲ್ಲೇ ಹೆತ್ತಳು. ಇನ್ನೊಬ್ಬಳ ಮಗು ದಾರಿಯಲ್ಲೇ ಹೋಯಿತು. ಆ ಮಗುವಿನ ಅಜ್ಜಿ ಬಂದು ನಮ್ಮ ಮನೆಯ ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ದು, ಏನೂ ಕೇಳದೆ ಎದ್ದು ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುವಾರ ಪಕ್ಷದ ಸಭೆಯಲ್ಲಿ ಭಾವ ಎದ್ದು ನಿಂತು, ವಾರ್ಡು ತೆರೆಯಲೇಬೇಕು ಎಂದು ಪಟ್ಟು ಹಿಡಿದರು. ಚುನಾವಣೆ ಬಂದಾಗ ಟಿಕೆಟ್ ಒಬ್ಬ ರಸ್ತೆ ಗುತ್ತಿಗೆದಾರನ ಪಾಲಾಯಿತು. ಭಾವ ಪಕ್ಷೇತರರಾಗಿ ನಿಂತು ಗೆದ್ದರು. ಸರ್ಕಾರ ಮಾತ್ರ ಮತ್ತೆ ಅದೇ ಪಕ್ಷದ್ದು.

ಈಗ ಕುರ್ಚಿ ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ. ಸದನದಲ್ಲಿ ಮಾತಿನ ಸಮಯ ಪಕ್ಷದ ಬಲ ನೋಡಿ ಹಂಚುತ್ತಾರೆ. ಒಬ್ಬಂಟಿಗೆ ಎರಡು ನಿಮಿಷ, ಅದೂ ಎಲ್ಲರದೂ ಮುಗಿದ ಮೇಲೆ. ಮೂರು ವರ್ಷ ಪ್ರತಿ ಅಧಿವೇಶನದಲ್ಲೂ ಅವರ ಸರದಿ ಬರುವ ಮೊದಲೇ ಸಭೆ ಮುಂದೂಡಿದರು. ಹೇಳುವುದಕ್ಕೆ ಏನೂ ಇಲ್ಲದಾಗ ಇಪ್ಪತ್ತು ನಿಮಿಷ ಕೊಟ್ಟವರು ಇವರೇ ಎಂದು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

ಭಾವ ಅಡುಗೆಮನೆಯಲ್ಲಿ ನಿಂತು ಎರಡು ನಿಮಿಷದ ಭಾಷಣ ಅಭ್ಯಾಸ ಮಾಡುತ್ತಿದ್ದರು. ಅಕ್ಕ ಕುಕ್ಕರಿನ ವಿಸಿಲಿನ ಮೇಲೆ ಲೆಕ್ಕ ಹಿಡಿಯುತ್ತಿದ್ದಳು.

"ಎರಡು ನಿಮಿಷ ಆಯ್ತು, ನಿಲ್ಲಿಸಿ. ಇನ್ನೂ 'ಮಾನ್ಯ ಸಭಾಧ್ಯಕ್ಷರೇ' ಅಂತಾನೇ ಇದ್ದೀರಿ" ಎನ್ನುವಳು.

"ಮರ್ಯಾದೆ ಬೇಡ್ವೇನೇ?"

"ಎರಡು ನಿಮಿಷದಲ್ಲಿ ಮರ್ಯಾದೆ ಎಲ್ಲಿಂದ ತರ್ತೀರಿ? ನೇರ ವಾರ್ಡಿಗೆ ಬನ್ನಿ."

ನಾಲ್ಕನೆಯ ವರ್ಷ ಕೊನೆಗೂ ಸರದಿ ಬಂತು. ಭಾವ ಭಾಷಣ ಮಾಡಲಿಲ್ಲ. ವಾರ್ಡು ಮುಚ್ಚಿದ ಮೇಲೆ ದಾರಿಯಲ್ಲಿ ಹೆತ್ತವರ ಊರು ಮತ್ತು ತಾರೀಕು ಓದಿದರು. ಹದಿನಾರನೆಯದಕ್ಕೆ ಗಂಟೆ ಬಾರಿಸಿ ಕೂರಿಸಿದರು. ಆರೋಗ್ಯ ಮಂತ್ರಿ ಪಕ್ಕದವರ ಜೊತೆ ನಗುತ್ತ ಕೂತಿದ್ದವರು ಎದ್ದು, "ಪರಿಶೀಲಿಸಲಾಗುವುದು" ಎಂದರು. ಮೇಲಿನ ಗ್ಯಾಲರಿಯಲ್ಲಿ ಕೂತಿದ್ದ ನನಗೆ ಚಪ್ಪಲಿಗೆ ಕೈ ಹೋಗದಂತೆ ತಡೆದುಕೊಳ್ಳುವುದೇ ದೊಡ್ಡ ಕೆಲಸವಾಯಿತು.

ಆದರೆ ಪತ್ರಿಕೆಗಳು ಆ ಪಟ್ಟಿಯನ್ನು ಪೂರ್ತಿ ಹಾಕಿದವು. ವಾರದೊಳಗೆ ಮಂತ್ರಿಯ ಕೊಠಡಿಯಿಂದ ಕರೆ ಬಂತು.

"ಕಾಂಪೌಂಡ್ರೇ, ವಾರ್ಡ್ ಮತ್ತೆ ತೆಗೀತೀವಿ" ಎಂದರು ಮಂತ್ರಿ. "ಆದ್ರೆ ಮಾಡ್ಸಿದ್ದು ನಮ್ಮ ಗುತ್ತಿಗೆದಾರ್ರು ಅಂತ ಆಗ್ಬೇಕು. ಮುಂದಿನ ವರ್ಷ ಅವರು ಮತ್ತೆ ನಿಲ್ತಾರಲ್ಲ. ನೀವು ಎಲ್ಲೂ ಬಾಯಿ ಬಿಡ್ಬಾರ್ದು."

ಭಾವ ಕೇಳಿದ್ದು ಒಂದೇ ಮಾತು. "ಡಾಕ್ಟ್ರು ಯಾವತ್ತು ಬರ್ತಾರೆ?"

ಹೊರಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. "ನೀವು ನಾಲ್ಕು ವರ್ಷ ಒದ್ದಾಡಿದ್ದಕ್ಕೆ ಆ ಪುಣ್ಯಾತ್ಮನ ಹೆಸರು ಕಲ್ಲಿನ ಮೇಲೆ ಕೆತ್ತಿಸ್ತಾರೆ. ನೋಡ್ಕೊಂಡು ಇರ್ತೀರಾ ಭಾವ?"

"ನೋವು ಬಂದೋಳು ಕಲ್ಲು ಓದ್ಕೊಂಡು ಒಳಗೆ ಹೋಗ್ತಾಳೇನೋ?" ಎಂದರು. ಧ್ವನಿ ಮಾತ್ರ ಸರಿಯಿರಲಿಲ್ಲ. ಅವರಿಗೂ ಹೊಟ್ಟೆ ಉರಿದಿತ್ತು.

ವಾರ್ಡು ತೆರೆಯಿತು. ಗುತ್ತಿಗೆದಾರ ರಿಬ್ಬನ್ ಕತ್ತರಿಸಿದ. ಭಾವ ಜನರ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಮನೆಗೆ ಬಂದ ಮೇಲೆ ಅಕ್ಕ, "ಇವರ ಹೆಸರು ಇವರು ಬಿಟ್ಟುಕೊಟ್ರು, ಸರಿ. ಹದಿನೈದು ವರ್ಷ ಮನೆ ನಡೆಸಿದೋಳು ನಾನು, ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದು ಎರಡು ದಿನ ಅವರ ಜೊತೆ ಮಾತು ಬಿಟ್ಟಳು.

ಚುನಾವಣೆಗೆ ಮತ ಕೇಳಲು ಹೋದಾಗ ಮುಖ್ಯರಸ್ತೆಯ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಕೇಳಿದ: "ಐದು ವರ್ಷದಲ್ಲಿ ಏನ್ ಮಾಡಿದ್ರಿ ಸಾರ್? ಗೆಲ್ಲದೇ ಇದ್ರೂ ಗುತ್ತಿಗೆದಾರ್ರು ಒಂದು ವಾರ್ಡ್ ತೆಗೆಸಿದ್ರು." ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು. ಬೆರಳು ನೋಯುವಷ್ಟು ಜೋರಾಗಿಯೇ ತುಳಿದರು. ಇನ್ನೂರು ಚಿಲ್ಲರೆ ಮತಗಳಿಂದ ಸೋತೆವು.

ಗುತ್ತಿಗೆದಾರ ಶಾಸಕನಾಗಿ ನಾಲ್ಕು ತಿಂಗಳಾಗಿರಲಿಲ್ಲ, ಡಾಕ್ಟರನ್ನು ದೊಡ್ಡ ಆಸ್ಪತ್ರೆಗೆ 'ತಾತ್ಕಾಲಿಕ'ವಾಗಿ ಕಳಿಸಿದರು. ನರ್ಸುಗಳೂ ಹೋದರು. ಬಾಗಿಲಿಗೆ ಮತ್ತೆ ಬೀಗ ಬಿತ್ತು. ಸುದ್ದಿ ತಿಳಿದ ದಿನ ಭಾವ ಅಡುಗೆಮನೆಯ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಮಂತ್ರಿಗೆ ಮನವಿ ಬರೆಯುತ್ತ ಕೂತಿದ್ದರು. ನಾನು ಕಿರುಚಿಬಿಟ್ಟೆ.

"ಮಾತು ತಪ್ಪಿದೋರು ಅವರು! ಈಗಲಾದ್ರೂ ಊರಿಗೆಲ್ಲ ಹೇಳಿ ಭಾವ!"

"ಯಾರು ನಂಬ್ತಾರೆ? ಸೋತ ಹೊಟ್ಟೆಕಿಚ್ಚಿಗೆ ಹೇಳ್ತಾನೆ ಅಂತಾರೆ ಕಣೋ."

ನನಗೆ ತಡೆಯಲಾಗಲಿಲ್ಲ. ನೇರವಾಗಿ ಕ್ಷೌರಿಕನ ಅಂಗಡಿಗೆ ಹೋಗಿ, ಕುರ್ಚಿಯಲ್ಲಿ ಕೂತು, ಮಂತ್ರಿಯ ಕೊಠಡಿಯಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವನು ನನ್ನ ಕೆನ್ನೆಗೆ ಸೋಪು ಹಚ್ಚುತ್ತ ಪೂರ್ತಿ ಕೇಳಿಸಿಕೊಂಡ.

"ಸೋತ್ಮೇಲೆ ಎಲ್ರೂ ಏನೋ ಒಂದು ಹೇಳ್ತಾರೆ, ಬಿಡಿ ಸಾರ್" ಎಂದ. ಆಮೇಲೆ ದನಿ ತಗ್ಗಿಸಿದ. "ಅದಿರ್ಲಿ, ನನ್ನ ಮಗಳು ಏಳು ತಿಂಗಳ ಬಸುರಿ. ಹೊಸ ಶಾಸಕರ ಮನೆ ಬಾಗಿಲಲ್ಲೇ ನಿಲ್ಲಿಸಿ ಕಳಿಸ್ತಾರೆ. ಕಾಂಪೌಂಡರಿಗೆ ಒಂದು ಮಾತು ಹೇಳಿ ಆ ಡಾಕ್ಟ್ರನ್ನ ವಾಪಸ್ ಕರೆಸೋಕಾಗುತ್ತಾ?"