ಒಡಿಲ್ ಹಾಡಿದ ಫ್ರೆಂಚ್ ಹಾಡು, ನಾನು ಹಾಕಿದ ಕೂಗು

ಮೇಜಿನ ಮೇಲೆ ಯಾರೋ ಮರೆತು ಹೋದ ಟಿಶ್ಯೂ ಪೊಟ್ಟಣ ಇತ್ತು. ಒಂದು ತೆಗೆದು ಮುಖ ಒರೆಸಿಕೊಂಡೆ, ಇನ್ನೊಂದು ತೆಗೆದು ಕತ್ತು ಒರೆಸಿಕೊಂಡೆ, ಬಿಟ್ಟುಹೋದ ಪುಣ್ಯಾತ್ಮರನ್ನು ಮನಸ್ಸಿನಲ್ಲೇ ಹರಸಿ ಊಟಕ್ಕೆ ಕೂತೆ. ಸಿಂಗಾಪುರಕ್ಕೆ ಬಂದು ಅವತ್ತಿಗೆ ನಾಲ್ಕನೇ ದಿನ. ಉಬಿ ಎಂಬ ಕಡೆ, ವರ್ಕ್‌ಶಾಪುಗಳ ನಡುವಿನ ಕ್ಯಾಂಟೀನು. ಎರಡು ತುತ್ತು ಇಳಿದಿರಲಿಲ್ಲ, ಬೆನ್ನಿಗೆ ಗಿಟಾರ್, ಕೈಯಲ್ಲಿ ನೂಡಲ್ಸ್ ಬಟ್ಟಲು ಹಿಡಿದ ಹುಡುಗಿಯೊಬ್ಬಳು ಎದುರು ಬಂದು ನಿಂತಳು.

"ಅಂಕಲ್, ಅದು ನನ್ನ ಟಿಶ್ಯೂ ಲಾ."

ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಇಲ್ಲಿ ಅದೇ ಕೆಲಸಕ್ಕೆ ಟಿಶ್ಯೂ ಪೊಟ್ಟಣ. ಇದಕ್ಕೆ ಇವರು 'ಚೋಪ್' ಮಾಡುವುದು ಅನ್ನುತ್ತಾರೆ. ನಮ್ಮ ದಾವಣಗೆರೆ ಬಸ್ಸಿನಲ್ಲಾದರೆ ಟವೆಲ್ಲನ್ನೇ ಎತ್ತಿ ಆಚೆ ಹಾಕಿ ಕೂರುವ ಗಟ್ಟಿಗರಿದ್ದಾರೆ. ಇಲ್ಲಿ ಪೊಟ್ಟಣವನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದ್ದಲ್ಲದೆ ಅರ್ಧ ಖಾಲಿಯನ್ನೂ ಮಾಡಿದವನು ಬಹುಶಃ ನಾನೊಬ್ಬನೇ.

ಅವಳು ಬೈಯಲಿಲ್ಲ. ಎದುರಿಗೇ ಕೂತು ನೂಡಲ್ಸ್ ತಿನ್ನುತ್ತ ನನ್ನ ಪೂರ್ವೋತ್ತರ ಎಲ್ಲ ವಿಚಾರಿಸಿದಳು. ಹೆಸರು ಒಡಿಲ್. ಅಪ್ಪ ಫ್ರಾನ್ಸಿನವರು, ಅಮ್ಮ ಇಲ್ಲಿಯ ಚೀನೀ ಮನೆತನದವರು. ಹಾಡು ಬರೆಯುವುದೂ ತಾನೇ, ಹಾಡುವುದೂ ತಾನೇ, ಒಂದು ಇಂಗ್ಲಿಷಿನಲ್ಲಾದರೆ ಇನ್ನೊಂದು ಫ್ರೆಂಚಿನಲ್ಲಿ. ಸೌಂಡ್ ಸಾಮಾನು ಬಾಡಿಗೆಗೆ ಕೊಡುವ ಕಂಪನಿಯಲ್ಲಿ ನನಗೆ ಕೆಲಸ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಅವಳ ಪ್ರಾಕ್ಟೀಸು.

ಗಣಪತಿ ಪೆಂಡಾಲಿನಿಂದ ಹಿಡಿದು ನಾಟಕದ ಥಿಯೇಟರಿನವರೆಗೆ ಮೈಕ್ ಕಟ್ಟಿದ ಕೈ ನನ್ನದು. ಕೆಲಸ ಹೊಸದಲ್ಲ, ಹೊಸದಾಗಿದ್ದದ್ದು ನಿಶ್ಶಬ್ದ. ನಮ್ಮಲ್ಲಿ ಮೈಕ್ ಸೆಟ್ ಅಂದರೆ ನಾಲ್ಕು ಬೀದಿಗೆ ಕೇಳಬೇಕು, ಇಲ್ಲಿ ನಾಲ್ಕನೇ ಸಾಲಿಗೆ ಕೇಳಿದರೆ ಸಾಕು, ಐದನೆಯವರಿಗೆ ಕಿರಿಕಿರಿಯಾಗಬಾರದು. ಟ್ಯಾಂಪಿನೀಸ್ ಎಂಬ ಬಡಾವಣೆಯಲ್ಲಿ ಬಾಡಿಗೆಗೆ ಹಿಡಿದ ಕೋಣೆಯಲ್ಲೂ ಅದೇ ಕಥೆ. ಮನೆಯೊಡತಿ 'ಲೈಟ್ ಕುಕಿಂಗ್' ಮಾತ್ರ ಅಂದಿದ್ದರು. ಅಂದರೆ ನೀರು ಕಾಯಿಸು, ಮೊಟ್ಟೆ ಬೇಯಿಸು, ಒಗ್ಗರಣೆ ಮಾತ್ರ ಹಾಕಬೇಡ. ಹೆಂಡತಿ ಸುಮಾ ಊರಲ್ಲೇ ಇದ್ದಳು, ಇಲ್ಲಿ ಬಂದಿರಲು ಬೇಕಾದ ಸರಕಾರಿ ಪಾಸು ಅವಳಿಗೆ ಇನ್ನೂ ಸಿಕ್ಕಿರಲಿಲ್ಲ. ಇಡೀ ದಿನದಲ್ಲಿ ನಾನು ಗಟ್ಟಿಯಾಗಿ ಕನ್ನಡ ಆಡುತ್ತಿದ್ದದ್ದು ಮೈಕ್ ಟೆಸ್ಟ್ ಮಾಡುವಾಗ ಮಾತ್ರ: ಹಲೋ, ಒಂದು, ಎರಡು, ಮೂರು.

ಅದನ್ನು ಕೇಳಿಯೇ ಒಡಿಲ್ ಸ್ನೇಹ ಬೆಳೆಸಿದಳು. ನಮ್ಮ ಕಂಪನಿಯಿಂದ ಸಾಮಾನು ತರಿಸುವಾಗೆಲ್ಲ ಅಂಕಲ್‌ನನ್ನೇ ಕಳಿಸಿ ಅನ್ನುವಳು. ಕೇಬಲ್ ಸುತ್ತುತ್ತ ಕೂತಾಗ ನನ್ನ ಅಜ್ಜಿಯ ಕಥೆ ಹೇಳಿಸುವಳು. ಅಜ್ಜಿ ನಾಟಕ ಕಂಪನಿಯಲ್ಲಿ ಪಾರ್ಟು ಮಾಡಿದವಳು, ನನಗೆ ಮಾತು ಕಲಿಸಿದವಳು. ಒಡಿಲ್‌ಗೂ ಒಬ್ಬ ಅಜ್ಜಿ, ಫ್ರಾನ್ಸಿನ ಸಣ್ಣ ಊರಿನಲ್ಲಿ. ಪ್ರತಿ ಜೂನ್ ರಜೆಗೆ ಅಲ್ಲಿಗೆ ಹೋಗಿ ಫ್ರೆಂಚ್ ಕಲಿತದ್ದಂತೆ. ಬೈಯುವುದಕ್ಕೆ ನನಗೆ ಇಂಗ್ಲಿಷೇ ಬೇಕು, ಅಳುವುದಕ್ಕೆ ಫ್ರೆಂಚೇ ಬೇಕು ಎಂದು ನಗುತ್ತಿದ್ದಳು.

ಹೀಗೆ ಎರಡು ವರ್ಷ ಕಾಫಿ ಅಂಗಡಿಗಳಲ್ಲಿ, ಮಾಲ್‌ಗಳ ಮೂಲೆಯಲ್ಲಿ ಹಾಡಿದ ಮೇಲೆ ಅವಳಿಗೆ ಒಂದು ಅವಕಾಶ ಬಂತು. ಬ್ಯೂನಾ ವಿಸ್ಟಾ ಕಡೆಯ ಒಬ್ಬ ಆಯೋಜಕರು ದೊಡ್ಡ ಸಭಾಂಗಣದ ಕಾರ್ಯಕ್ರಮಕ್ಕೆ ಹೊಸ ಗಾಯಕರನ್ನು ಹುಡುಕುತ್ತಿದ್ದರು. ಶನಿವಾರ ಮಧ್ಯಾಹ್ನ ಸಣ್ಣ ಹಾಲಿನಲ್ಲಿ ಇವಳದೊಂದು ಪರೀಕ್ಷೆಯ ಕಛೇರಿ ಇಟ್ಟರು, ಸೌಂಡಿಗೆ ನಾನು. ಷರತ್ತು ಮೊದಲೇ ಹೇಳಿದ್ದರು: ಎರಡು ದೋಣಿಯ ಮೇಲೆ ಕಾಲಿಟ್ಟರೆ ಜನಕ್ಕೆ ನೀನು ಯಾರೆಂದೇ ತಿಳಿಯುವುದಿಲ್ಲ, ಇಂಗ್ಲಿಷೊಂದನ್ನೇ ಹಿಡಿ. ಇವಳು ಗೋಗರೆದದ್ದಕ್ಕೆ ಐದು ಇಂಗ್ಲಿಷ್ ಹಾಡಿನ ನಡುವೆ ಒಂದು ಫ್ರೆಂಚ್ ಹಾಡು ಸೇರಿಸಲು ಒಪ್ಪಿದ್ದರು.

"ಅಂಕಲ್, ಇವತ್ತು ಆ ಹಾಡು ಬಿದ್ದುಹೋದರೆ ಫ್ರೆಂಚ್ ಬಿಟ್ಟುಬಿಡ್ತೀನಿ" ಎಂದಳು ಒಡಿಲ್, ತಂತಿ ಬಿಗಿಯುತ್ತ.

ಬಿಡುವುದೇನು ಬಂತು, ನನ್ನ ಹಾಗೆ ಎರಡನ್ನೂ ಇಟ್ಟುಕೊ ಎಂದೆ.

"ನೀವು ಕನ್ನಡದಲ್ಲಿ ಸಂಸಾರ ಮಾಡಿ ಇಂಗ್ಲಿಷಲ್ಲಿ ಸಂಬಳ ತಗೊಳ್ತೀರಿ. ಯಾರೂ ಕೇಳಲ್ಲ. ನಾನು ಎರಡನ್ನೂ ಜನರ ಮುಂದೆ ಹಾಡಬೇಕು. ನಮ್ಮಜ್ಜಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ ಅಂಕಲ್."

ನಾನು ಅವಳ ಮೈಕಿನ ಎತ್ತರ ಸರಿಮಾಡಿದೆ.

ಆ ಫ್ರೆಂಚ್ ಹಾಡಿನ ಅರ್ಥ ಅವಳೇ ನನಗೆ ಹೇಳಿದ್ದಳು. ತಾತ ತೀರಿಕೊಂಡ ಮೇಲೆ ಅಜ್ಜಿ ಬಟ್ಟೆ ಒಣಹಾಕುತ್ತಾಳೆ. ಹಗ್ಗ ಹಿಂದಿನಷ್ಟೇ ಉದ್ದ, ಬಟ್ಟೆ ಒಬ್ಬರದೇ. ಅಷ್ಟೇ ಹಾಡು. ಅವತ್ತು ಅವಳು ಅದನ್ನು ಹಾಡಿದ ರೀತಿಗೆ ನನ್ನ ಕೈ ಮಿಕ್ಸರಿನ ಗುಂಡಿಗಳ ಮೇಲೇ ನಿಂತುಬಿಟ್ಟಿತು. ಹಾಡು ಮುಗಿಯಿತು. ಜನ ಅಚ್ಚುಕಟ್ಟಾಗಿ, ಮದುವೆಮನೆಯಲ್ಲಿ ಭಾಷಣಕ್ಕೆ ತಟ್ಟುವಷ್ಟು ತಟ್ಟಿ ನಿಲ್ಲಿಸಿದರು. ಆಯೋಜಕರು ಗಡಿಯಾರ ನೋಡಿಕೊಂಡರು. ಒಡಿಲ್ ತಲೆ ತಗ್ಗಿಸಿ ಮುಂದಿನ ಇಂಗ್ಲಿಷ್ ಹಾಡಿಗೆ ಶ್ರುತಿ ಮಾಡತೊಡಗಿದಳು.

ಆಗ ನನ್ನ ಗಂಟಲು ನನ್ನನ್ನು ಕೇಳದೆ ಕೂಗಿತು: "ಒನ್ಸ್ ಮೋರ್!"

ನಾಟಕ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಂಗಗೀತೆ ಹಿಡಿಸಿತೆಂದರೆ ಪ್ರೇಕ್ಷಕ ಒನ್ಸ್ ಮೋರ್ ಅನ್ನುತ್ತಾನೆ, ನಟ ಇನ್ನೊಮ್ಮೆ ಹಾಡಲೇಬೇಕು. ಪ್ರಾಣ ಬಿಡುವ ಹಾಡಾದರೆ ಸತ್ತ ರಾಜ ಎದ್ದು ಕೂತು ಹಾಡಿ ಮತ್ತೆ ಸಾಯುತ್ತಾನೆ. ನಮ್ಮಜ್ಜಿ ಒಂದೇ ಆಟದಲ್ಲಿ ಮೂರು ಸಲ ಸತ್ತಿದ್ದಾಳೆ. ಆದರೆ ಇದು ಸಿಂಗಾಪುರ, ನಾನು ಪ್ರೇಕ್ಷಕನೂ ಅಲ್ಲ. ಸೌಂಡಿನವನಿಗೆ ಕಿವಿ ಇರಬೇಕು, ಗಂಟಲು ಇರಬಾರದು ಎಂಬುದು ನಮ್ಮ ಬಾಸ್ ಹಾಕಿಕೊಟ್ಟ ಮೊದಲ ಪಾಠ. ಅದೂ ಅಲ್ಲದೆ ನನ್ನ ಮುಂದಿನ ಮೈಕ್ ಆನ್ ಇತ್ತು. ಕೂಗು ಹಾಲಿನ ಎಲ್ಲ ಸ್ಪೀಕರಿನಲ್ಲೂ ಮೊಳಗಿತು. ನೂರು ತಲೆ ನನ್ನ ಕಡೆ ತಿರುಗಿದವು. ನನ್ನ ಪಾಸು, ಕೆಲಸ, ಟಿಕೆಟ್ಟಿಗೆ ಕಾದು ಕೂತ ಸುಮಾ, ಎಲ್ಲ ಕಣ್ಣ ಮುಂದೆ ಬಂದು ಹೋಯಿತು.

ಒಡಿಲ್ ತಲೆ ಎತ್ತಿದಳು. ಆ ಪದ್ಧತಿಯನ್ನು ನೂಡಲ್ಸ್ ತಿನ್ನುತ್ತ ನನ್ನಿಂದಲೇ ಕೇಳಿದ್ದವಳು.

"ನಮ್ಮ ಸೌಂಡ್ ಅಂಕಲ್ ಊರಲ್ಲಿ ಇದನ್ನು ಯಾರಾದರೂ ಕೇಳಿದರೆ ಇಲ್ಲ ಅನ್ನೋ ಹಾಗಿಲ್ಲ" ಎಂದಳು ಜನರಿಗೆ. "ಹಾಡ್ತೀನಿ. ಮೊದಲು ಇದು ಏನು ಅಂತ ಹೇಳಿಬಿಡ್ತೀನಿ."

ಹಗ್ಗದ ಕಥೆಯನ್ನು ಇಂಗ್ಲಿಷಿನಲ್ಲಿ, ನಡುನಡುವೆ ಇಲ್ಲಿಯವರ ಮಾತಿನ ಲಾ ಸೇರಿಸಿ, ಎದುರುಮನೆಯವರಿಗೆ ಹೇಳುವಂತೆ ಹೇಳಿದಳು. ಜನ ನಕ್ಕರು, ಆಮೇಲೆ ಮುಂದಕ್ಕೆ ಬಾಗಿ ಕೂತರು. ಎರಡನೇ ಸಲ ಅವಳು ಹಾಡಿದಾಗ ಆ ಹಾಲಿನಲ್ಲಿ ಫ್ರೆಂಚ್ ಬಾರದವರು ಯಾರೂ ಇರಲಿಲ್ಲ ಅನ್ನಿ. ಮೂರನೇ ಸಾಲಿನ ಒಬ್ಬ ಚೀನೀ ಅಜ್ಜಿ ಟಿಶ್ಯೂಗೆ ಕೈಚೀಲ ತಡಕಾಡಿದರು. ಹಾಡು ಮುಗಿದಾಗ ಚಪ್ಪಾಳೆಗೆ ಅಚ್ಚುಕಟ್ಟು ಉಳಿದಿರಲಿಲ್ಲ. ಹಿಂದಿನಿಂದ ಯಾರೋ ಅಳುಕುತ್ತ, ಪಕ್ಕದವರನ್ನು ನೋಡಿಕೊಂಡು, ಒನ್ಸ್ ಮೋರ್ ಅಂದರು. ಆಮೇಲೆ ಇನ್ನಿಬ್ಬರು.

ದೊಡ್ಡ ಸಭಾಂಗಣ ಸಿಕ್ಕಿತು. ಅರ್ಧ ಇಂಗ್ಲಿಷ್, ಅರ್ಧ ಫ್ರೆಂಚ್, ನಡುವೆ ಕಥೆ. ಹಾಗೇ ಇರಲಿ ಎಂದು ಆಯೋಜಕರೇ ಹೇಳಿದರು. ಸೋಮವಾರ ಬಾಸ್ ನನ್ನನ್ನು ಕರೆದು ಗಂಟಲಿನ ಪಾಠವನ್ನು ಮತ್ತೊಮ್ಮೆ ಓದಿಸಿದರು. ಪಾಠ ಮುಗಿದ ಮೇಲೆ, ಆ ಹುಡುಗಿಯ ಎಲ್ಲ ಕಾರ್ಯಕ್ರಮಕ್ಕೂ ನಿನ್ನನ್ನೇ ಕೇಳಿದ್ದಾರೆ, ಮೈಕ್ ಆಫ್ ಮಾಡಿ ಹೋಗು ಎಂದರು. ಮುಂದಿನ ವರ್ಷ ಅವಳ ಆಲ್ಬಂ ಬಂತು, ಎರಡು ಭಾಷೆಯದೂ ಒಂದರಲ್ಲೇ. ಅವಳಜ್ಜಿಯ ಊರಿನ ರೇಡಿಯೋದಲ್ಲಿ ಹಗ್ಗದ ಹಾಡು ಬಂದ ದಿನ ಒಡಿಲ್ ನನಗೆ ಫೋನ್ ಮಾಡಿ ಅತ್ತಳು, ಯಾವ ಭಾಷೆಯಲ್ಲಿ ಎಂದು ಕೇಳಬೇಡಿ. ಅಷ್ಟೊತ್ತಿಗೆ ಸುಮಾ ಬಂದಿದ್ದಳು. ಒಗ್ಗರಣೆ ಹಾಕಬಹುದಾದ ಮನೆಗೆ ಶಿಫ್ಟ್ ಆಗಿದ್ದೆವು.

ಇದಕ್ಕೆಲ್ಲ ಮೊದಲು, ಆ ದೊಡ್ಡ ಸಭಾಂಗಣದ ಕಾರ್ಯಕ್ರಮಕ್ಕೆ ಕರಪತ್ರ ಅಚ್ಚು ಹಾಕಿಸುವಾಗ ಪ್ರತಿಯೊಬ್ಬರ ಹೆಸರಿನ ಮುಂದೆ ಊರು ಬರೆದುಕೊಡಿ ಎಂದರು. ಫ್ರಾನ್ಸಿಗೆ ಹೋದರೆ ಒಡಿಲ್‌ಳನ್ನು ಸಿಂಗಾಪುರದ ಹುಡುಗಿ ಅನ್ನುತ್ತಾರಂತೆ, ಇಲ್ಲಿ ಫ್ರೆಂಚ್ ಹುಡುಗಿ. ನನಗೂ ಹಾಗೇ. ದಾವಣಗೆರೆಗೆ ಹೋದರೆ ಅಕ್ಕನ ಮಕ್ಕಳು ಸಿಂಗಾಪುರ ಮಾಮ ಬಂದ ಅನ್ನುತ್ತಾರೆ, ಇಲ್ಲಿ ಟ್ಯಾಕ್ಸಿ ಹತ್ತಿದ ಕೂಡಲೇ ಡ್ರೈವರು 'ಇಂಡಿಯಾ ಆ?' ಎಂದು ಕೇಳುತ್ತಾರೆ. ಒಡಿಲ್ ಯೋಚನೆಯೇ ಮಾಡದೆ ಎರಡು ಊರು ಬರೆದು ಕಾಗದವನ್ನು ನನ್ನ ಕಡೆ ತಳ್ಳಿದಳು. ನಾನು ದಾವಣಗೆರೆ ಎಂದು ಬರೆದೆ. ಪೆನ್ನು ಎತ್ತಲಾಗಲಿಲ್ಲ. ಪಕ್ಕದಲ್ಲಿ ಟ್ಯಾಂಪಿನೀಸ್ ಎಂದೂ ಬರೆದೆ. ಅಚ್ಚಿನವರು ಜಾಗ ಸಾಲದು, ಒಂದು ತೆಗೆಯಿರಿ ಎಂದು ಫೋನ್ ಮಾಡಿದರು. ಅಕ್ಷರ ಸಣ್ಣದು ಮಾಡಿ ಎಂದೆ.