ಒಂದೇ ದಿನ ಎರಡು ಸಲ ತವರಿಗೆ ಬಂದ ಅತ್ತೆ

ಮೋಟಾರ್ ಸೈಕಲ್ಲಿನಲ್ಲಿ ನಾನು ಘಟ್ಟ ಇಳಿದಿದ್ದೇನೆ, ಕರಾವಳಿಯ ಗಾಳಿಮಳೆಗೆ ಎದೆಯೊಡ್ಡಿದ್ದೇನೆ, ಬಯಲುಸೀಮೆಯ ಧೂಳನ್ನು ಹಲ್ಲಿನ ಸಂದಿಯಲ್ಲಿಟ್ಟುಕೊಂಡು ಮನೆಗೆ ಮರಳಿದ್ದೇನೆ. ಆದರೂ ನನ್ನ ಬದುಕಿನ ಅತಿ ದೊಡ್ಡ ಪ್ರವಾಸ ಯಾವುದೆಂದು ಕೇಳಿದರೆ, ಹುಣಸಮಾರನಹಳ್ಳಿಯಿಂದ ನಾಗಸಂದ್ರಕ್ಕೆ ಹೋದದ್ದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಒಂದೇ ನಗರದೊಳಗಿನ ದೂರ ಪ್ರವಾಸವಾಗಿಬಿಟ್ಟಿರುವುದು ನಮ್ಮ ರಸ್ತೆ ಯೋಜನೆಯ ಸಾಧನೆ. ಅದು ನಗುವ ವಿಷಯವಲ್ಲ.

ಅಟ್ಟೂರಿನಲ್ಲಿ ಮನೆ ಮಾಡಿದಂದಿನಿಂದ ನನಗೂ ನನ್ನ ಗಂಡನಿಗೂ ಪ್ರತ್ಯೇಕ ಬೈಕುಗಳಿವೆ. ಗಂಡ ಮುಂದೆ, ಹೆಂಡತಿ ಹಿಂದೆ ಎಂಬ ಆಸನ ವ್ಯವಸ್ಥೆಯನ್ನು ಮದುವೆಗೆ ಮೊದಲೇ ಚರ್ಚಿಸಿ ತಿರಸ್ಕರಿಸಿದ್ದೆವು. ಮಳೆ ಬಂದಾಗ ನಿಲ್ಲಬೇಕೋ ಮುಂದುವರಿಯಬೇಕೋ ಎಂಬುದನ್ನೂ ಒಮ್ಮತದಿಂದಲೇ ತೀರ್ಮಾನಿಸುತ್ತಿದ್ದೆವು. ಇಬ್ಬರೂ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ವಾದ ಮಂಡಿಸಿ, ಒಮ್ಮತಕ್ಕೆ ಬರುವಷ್ಟರಲ್ಲಿ ರೈನ್‌ಕೋಟ್ ಹಾಕಿಕೊಳ್ಳುವುದಕ್ಕೆ ಯಾವ ಅರ್ಥವೂ ಉಳಿದಿರುತ್ತಿರಲಿಲ್ಲ. ಆದರೂ ಆ ತೊಯ್ದ ದಿನಗಳನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಬೂಟು ಬಗ್ಗಿಸಿ ನೀರು ಸುರಿದದ್ದು, ರಸ್ತೆಬದಿಯ ಗೂಡಂಗಡಿಯಲ್ಲಿ ಚಹಾ ಲೋಟವನ್ನು ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಕೆನ್ನೆಗೆ ಒತ್ತಿಕೊಂಡು ಕೂತದ್ದು, ಒಗೆದು ಒಣಗಿಸಿದ ಮೇಲೂ ವಾರಗಟ್ಟಲೆ ಜಾಕೆಟ್ಟಿನಲ್ಲಿ ಉಳಿಯುತ್ತಿದ್ದ ಆ ಮುಗ್ಗು ವಾಸನೆ.

ಈ ಕಥೆಗಳನ್ನು ಎಲ್ಲರಿಗಿಂತ ಆಸೆಯಿಂದ ಕೇಳುತ್ತಿದ್ದವರು ನನ್ನ ಅತ್ತೆ. ಅತ್ತೆ, ಮಾವ ಇರುವುದು ಹುಣಸಮಾರನಹಳ್ಳಿಯ ಹಳೆಯ ಮನೆಯಲ್ಲಿ. ಅವರು ರಾಗಿ ಬೆಳೆಯುತ್ತಿದ್ದ ಹೊಲ ಈಗ ಬಡಾವಣೆಯಾಗಿದೆ. ಮಾವನವರು ಏಣಿ ಹತ್ತಿದಂತೆ ಹತ್ತಬೇಕಾದ ಕಾರೊಂದನ್ನು ಕೊಂಡು, ಅದನ್ನು ಎತ್ತಿನ ಗಾಡಿಯ ವೇಗದಲ್ಲೇ ಓಡಿಸುತ್ತಾರೆ. ಅತ್ತೆಯ ತವರು ನಾಗಸಂದ್ರ. ಅವರ ಅಣ್ಣ ಹರೆಯದಲ್ಲಿ ಆ ಊರಿಗೆ ಮೊದಲ ಮೋಟಾರ್ ಸೈಕಲ್ ತಂದವರಂತೆ. ಊರ ಹುಡುಗರನ್ನೆಲ್ಲ ಸರದಿಯಂತೆ ತುಮಕೂರು ರಸ್ತೆಯಲ್ಲಿ ಸುತ್ತಾಡಿಸಿದ ಆ ಅಣ್ಣ, ತಂಗಿ ಕೇಳಿದಾಗ ಮಾತ್ರ, ಹೆಣ್ಣುಮಕ್ಕಳು ಕೂತರೆ ಅಡ್ಡವೇ ಕೂರಬೇಕು, ಅಡ್ಡ ಕೂತರೆ ಸೀರೆ ಚಕ್ರಕ್ಕೆ ಸಿಕ್ಕೀತು, ಆದ್ದರಿಂದ ಕೂರುವುದೇ ಬೇಡ ಎಂದುಬಿಟ್ಟರಂತೆ. ಈ ಒಂದು ತರ್ಕದ ಹೊಟ್ಟೆಯಲ್ಲಿ ಎಷ್ಟು ಅನ್ಯಾಯಗಳಿವೆಯೆಂದು ನಾನು ಅತ್ತೆಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ತಮ್ಮದನ್ನು ಚುಟುಕಾಗಿ ಮುಗಿಸಿದರು.

"ನಾನು ಗಾಡಿ ಮ್ಯಾಲೆ ಬರೋದ್ನ ನಮ್ಮಣ್ಣ ಕಣ್ಣಾರೆ ನೋಡ್ಬೇಕು ಕಣವ್ವ. ಅಷ್ಟೇಯ."

ಏಪ್ರಿಲ್ ತಿಂಗಳ ಒಂದು ಭಾನುವಾರ ಹೊರಟೆವು. ಗಂಡ ಊರಲ್ಲಿರಲಿಲ್ಲ. ಚೂಡಿದಾರ್ ಹಾಕಿಕೊಳ್ಳುವಂತೆ ನಾನು ಹೇಳಿದ್ದನ್ನು ಅತ್ತೆ ಕೇಳಿಸಿಕೊಳ್ಳಲೇ ಇಲ್ಲ. ಹಿಂದೆ ಹೊಲದಲ್ಲಿ ಕಳೆ ಕೀಳುವಾಗ ಕಟ್ಟುತ್ತಿದ್ದಂತೆ ರೇಷ್ಮೆ ಸೀರೆಗೆ ಕಚ್ಚೆ ಕಟ್ಟಿ, ಎರಡೂ ಕಡೆ ಕಾಲು ಹಾಕಿ ಕೂತುಬಿಟ್ಟರು. ಹೆಲ್ಮೆಟ್ಟಿನ ವಿಷಯದಲ್ಲಿ ನಾನು ರಾಜಿಯಾಗಲಿಲ್ಲ. ಅದರೊಳಗೆ ಮಲ್ಲಿಗೆ ಹೂವು ನಜ್ಜುಗುಜ್ಜಾಗುತ್ತದೆಂದು ಅವರು ಹೂವನ್ನು ಹೆಲ್ಮೆಟ್ಟಿನ ಹಿಂಭಾಗಕ್ಕೇ ಅಂಟಿಸಿಕೊಂಡರು. ಮಡಿಲಲ್ಲಿ ತವರಿಗೆಂದು ಮಾಡಿದ ಕಜ್ಜಾಯದ ಡಬ್ಬಿ. ಮಾವನವರು ಕಾರಿನಲ್ಲಿ ಹಿಂಬಾಲಿಸುವುದೆಂದೂ, ಮಳೆ ಬಂದರೆ ಅತ್ತೆ ಕಾರು ಹತ್ತಿಬಿಡುವುದೆಂದೂ ಒಪ್ಪಂದವಾಗಿತ್ತು. ಈ ಒಪ್ಪಂದವನ್ನು ಮಾಡಿಕೊಂಡವರು ಮಾವನವರೊಬ್ಬರೇ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಯಲಹಂಕ ದಾಟುವವರೆಗೆ ಬಿಸಿಲು. ಹೆಬ್ಬಾಳ ಸಮೀಪಿಸುವಾಗ ಆಕಾಶ ಕಪ್ಪಾಗಿ, ಹೆಲ್ಮೆಟ್ಟಿನ ಮೇಲೆ ಯಾರೋ ಕಡಲೆಕಾಯಿ ಎರಚಿದಂತೆ ಆಲಿಕಲ್ಲು ಬೀಳತೊಡಗಿತು. ಊರಿನ ಬೈಕುಗಳೆಲ್ಲ ಫ್ಲೈಓವರಿನ ಕೆಳಗೆ ಸೇರಿದವು. ಮಳೆ ಬಂದೊಡನೆ ಸಾರ್ವಜನಿಕ ರಸ್ತೆಯನ್ನು ಖಾಸಗಿ ಚಾವಣಿಯಾಗಿ ಬಳಸುವ ಈ ರೂಢಿಯನ್ನು ನಾನು ಖಂಡಿಸುತ್ತಲೇ ಬಂದಿದ್ದೇನೆ. ಅಂದೂ ಖಂಡಿಸಿದೆ, ಅಲ್ಲೇ ನಿಂತು. ಪಕ್ಕದಲ್ಲಿದ್ದ ಯುವಕನೊಬ್ಬ, "ಆಯ್ತು ಮೇಡಮ್, ನೀವು ಒಂಚೂರು ಆ ಕಡೆ ಸರಿದ್ರೆ ನಾನೂ ಒಳಗ್ ಬಂದು ಖಂಡಿಸ್ತೀನಿ," ಎಂದ.

ಹಿಂತಿರುಗಿ ನೋಡಿದರೆ ಅತ್ತೆ ತೊಯ್ದು ತೊಪ್ಪೆಯಾಗಿದ್ದರು. ನಾನು ಕೊಟ್ಟಿದ್ದ ರೈನ್‌ಕೋಟು ಕಜ್ಜಾಯದ ಡಬ್ಬಿಗೆ ಸುತ್ತಿಕೊಂಡಿತ್ತು. ಅವರ ಚಿಂತೆ ಬೇರೆಯೇ ಇತ್ತು. ಸಾವಿನ ಮನೆಯಿಂದ ಬರುವವರು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಂಡು ಬರುತ್ತಾರೆ. ಆದ್ದರಿಂದ ಒದ್ದೆ ಸೀರೆಯಲ್ಲಿ ತವರಿನ ಹೊಸ್ತಿಲು ಮೆಟ್ಟಬಾರದು ಎಂದರು. ನೀರಿಗೆ ಶುಭಾಶುಭದ ಪ್ರಜ್ಞೆ ಇರುವುದಿಲ್ಲವೆಂದು ನಾನು ವಿವರಿಸಿದೆ. ಅಷ್ಟರಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡಿದ್ದ ಮಾವನವರು ಕಾರಿನ ಗಾಜನ್ನು ಒಂದು ಬೆರಳಿನಷ್ಟು ಇಳಿಸಿ ಕೂಗಿದರು.

"ಬಾರೆ ಒಳೀಕೆ. ಎ.ಸಿ. ಆಕಿದೀನಿ."

ಅತ್ತೆ ಒಂದು ಕ್ಷಣ ಕಾರನ್ನು ನೋಡಿದರು, ಇನ್ನೊಂದು ಕ್ಷಣ ಮಳೆಯನ್ನು. ಬಳಿಕ ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿದರು. "ಕಾರ್ನಾಗೆ ಓದ್ರೆ ನಮ್ಮಣ್ಣ ಏನ್ ನೋಡ್ತಾನೆ ಮಣ್ಣು. ಒಡಿ ಗಾಡಿನ."

ಮೊಣಕಾಲೆತ್ತರದ ನೀರಿನಲ್ಲಿ, ಗುಂಡಿ ಎಲ್ಲಿದೆಯೆಂದು ಮುಂದಿನವರು ಬಿದ್ದಾಗಲೇ ತಿಳಿದುಕೊಳ್ಳುತ್ತ, ರಿಂಗ್ ರಸ್ತೆಯಲ್ಲಿ ಸಾಗಿದೆವು. ಮುಚ್ಚಿಹೋದ ರಾಜಕಾಲುವೆಗಳನ್ನು ನಾನು ಒಂದೊಂದಾಗಿ ತೋರಿಸಿದೆ. ಅತ್ತೆ ಪ್ರತಿಯೊಂದಕ್ಕೂ ನನ್ನ ಹೊಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಉತ್ತರಿಸಿದರು. ಮಾವನವರ ಕಾರು ಎಲ್ಲೋ ಹಿಂದೆ ಉಳಿಯಿತು. ಯಶವಂತಪುರದ ಆಚೆ ಮಳೆ ತೆಳುವಾಯಿತು. ತುಮಕೂರು ರಸ್ತೆಗೆ ಬಂದರೆ ಅಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಬೆಂಗಳೂರಿನ ಮಳೆಗೆ ಸಮಾನ ಹಂಚಿಕೆಯ ತತ್ವ ತಿಳಿಯದು. ನಾಗಸಂದ್ರದಲ್ಲಿ ಸುಡುಬಿಸಿಲು. ಅಣ್ಣನ ಮನೆಯ ಅಂಗಳದಲ್ಲಿ ಅವರ ಹೆಂಡತಿ, ಅಂದರೆ ಅತ್ತೆಯ ಅತ್ತಿಗೆ, ಹಪ್ಪಳ ಒಣಹಾಕುತ್ತಿದ್ದರು.

ಆ ಬಿಸಿಲಿನಲ್ಲಿ ನಾವು ಗೇಟಿನ ಮುಂದೆ ನಿಂತೆವು. ಅತ್ತೆ ಇಳಿದು ಹೆಲ್ಮೆಟ್ ಕಿತ್ತಾಗ ತುರುಬು ಅದರ ಜೊತೆಗೇ ಬಿಚ್ಚಿತು. ಒದ್ದೆ ಕೂದಲು ಬೆನ್ನ ತುಂಬ ಹರಡಿತು. ಹಣೆಯ ಕುಂಕುಮ ಹೆಬ್ಬಾಳದಲ್ಲೇ ತೊಳೆದುಹೋಗಿತ್ತು. ತಲೆಯಲ್ಲಿ ಹೂವಿಲ್ಲ, ಸೀರೆಯಿಂದ ನೀರು ತೊಟ್ಟಿಕ್ಕುತ್ತಿದೆ, ಗಂಡ ಜೊತೆಯಲ್ಲಿಲ್ಲ. ಚಳಿಗೆ ಹಲ್ಲು ಕಟಕಟಿಸುತ್ತಿದ್ದುದರಿಂದ ಮಾತೂ ಹೊರಡಲಿಲ್ಲ. ಅತ್ತಿಗೆಯವರು ಹಪ್ಪಳದ ತಟ್ಟೆಯನ್ನು ಕೈಬಿಟ್ಟು, "ಅಯ್ಯೋ, ನಿಮ್ಮೆಜಮಾನ್ರು," ಎಂದು ಕುಸಿದು ಕೂತರು.

ಗಂಡನ ಆಯುಸ್ಸನ್ನು ಹೆಂಡತಿಯ ಹಣೆಯ ಮೇಲೆ ನಮೂದಿಸುವ ಪದ್ಧತಿಯನ್ನು ನಾನು ಮೊದಲಿನಿಂದಲೂ ವಿರೋಧಿಸಿದವಳು. ಆ ಪದ್ಧತಿ ಇಷ್ಟು ಶೀಘ್ರವಾಗಿ ಒಬ್ಬರನ್ನು ಕೊಲ್ಲಬಲ್ಲದೆಂದು ಮಾತ್ರ ತಿಳಿದಿರಲಿಲ್ಲ. ಪರಿಸ್ಥಿತಿ ತಿಳಿಗೊಳಿಸಲು, ಇದಕ್ಕೆಲ್ಲ ಕಾರಣ ಮಳೆನೀರು ನಿರ್ವಹಣೆಯಲ್ಲಿನ ನಿರ್ಲಕ್ಷ್ಯವೆಂದು ಹೇಳಲು ಬಾಯಿ ತೆರೆದೆ. ಅಳುವಿನ ನಡುವೆ "ನಿರ್ಲಕ್ಷ್ಯ" ಎಂಬಷ್ಟೇ ಭಾಗ ಅವರಿಗೆ ತಲುಪಿತು. ಯಾವ ಆಸ್ಪತ್ರೆಯೆಂದು ಕೇಳಿದರು. ಒಳಗಿನಿಂದ ಓಡಿಬಂದ ಅಣ್ಣ, ತಂಗಿಯನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ ಗೋಳೋ ಎಂದು ಅಳತೊಡಗಿದರು. ಅತ್ತಿಗೆ ಆಗಲೇ ಯಾರಿಗೋ ಫೋನು ಹಚ್ಚಿದ್ದರು.

ಈ ಹೊತ್ತಿಗೆ ಎತ್ತರದ ಕಾರು ನಿಧಾನವಾಗಿ ಬಂದು ಗೇಟಿನ ಬಳಿ ನಿಂತಿತು. ನೀರು ಸೋಕದ ಶರ್ಟಿನಲ್ಲಿ ಮಾವನವರು ಇಳಿದರು. ಅಳು ಕೇಳಿ ಗಾಬರಿಯಾಗಿ ಚಪ್ಪಲಿಯನ್ನು ಹೊರಗೇ ಬಿಟ್ಟು, ಕೈಕಟ್ಟಿಕೊಂಡು ಬಂದು, ಭಾವಮೈದುನನ ಪಕ್ಕ ನಿಂತು ತಗ್ಗಿದ ದನಿಯಲ್ಲಿ ಯಾರು ಹೋದದ್ದೆಂದು ಕೇಳಿದರು. ಅಣ್ಣ ಕಣ್ಣು ತೆರೆದರು. ಬಹಳ ಹೊತ್ತು ನೋಡಿದರು.

"ನೀನೇ ಕಣಯ್ಯ," ಎಂದರು.

ಮುಂದಿನ ಒಂದು ಗಂಟೆ ಬರುತ್ತಿದ್ದ ಸಂತಾಪದ ಕರೆಗಳನ್ನು ಮಾವನವರೇ ತೆಗೆದುಕೊಂಡು, ತಾವು ಆರಾಮಾಗಿರುವುದನ್ನು ತಿಳಿಸುತ್ತ ಕಜ್ಜಾಯ ತಿನ್ನುತ್ತಿದ್ದರು. ಕಜ್ಜಾಯಕ್ಕೆ ಒಂದು ಹನಿ ನೀರೂ ತಾಕಿರಲಿಲ್ಲ. ಅತ್ತೆಗೆ ಅತ್ತಿಗೆಯ ಸೀರೆ ಉಡಿಸಿ, ಇಷ್ಟಗಲ ಕುಂಕುಮ ಇಟ್ಟು, ಕೈಗೆ ಕಾಫಿ ಕೊಟ್ಟಿದ್ದರು. ಎಲ್ಲರೂ ನಗುತ್ತಿದ್ದರು, ಅತ್ತೆಯೊಬ್ಬರನ್ನು ಬಿಟ್ಟು. ಕಾಫಿ ಆರಿತು. ಕೊನೆಗೆ ಅವರು ಅಣ್ಣನನ್ನು ಕೇಳಿದರು.

"ನಾನು ಗಾಡಿ ಮ್ಯಾಲೆ ಬಂದಿದ್ದು ನೋಡಿದ್ಯಾ?"

"ಏನ್ ನೋಡೋದು? ಕಣ್ ತುಂಬ ನೀರು. ನೀನು ಆಟೋದಾಗೆ ಬಂದೆ ಅಂದ್ಕೊಂಡಿದ್ದೆ."

ಅತ್ತೆ ಲೋಟ ಕೆಳಗಿಟ್ಟರು. ಎದ್ದು ನಿಂತು, ಎರವಲು ಸೀರೆಗೆ ಕಚ್ಚೆ ಕಟ್ಟಿದರು. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಗೇಟಿನ ಬಳಿಗೆ ಎಳೆದು ಅಣ್ಣನನ್ನು ಅದರ ಮೇಲೆ ಕೂರಿಸಿ, ಕಣ್ಣು ಮಿಟುಕಿಸಕೂಡದೆಂದು ಹೇಳಿ, ನನ್ನನ್ನು ಕರೆದರು. ನಾವು ಮುಖ್ಯ ರಸ್ತೆಯವರೆಗೆ ಹೋಗಿ, ಮೆಟ್ರೋ ಕಂಬವೊಂದರ ಬಳಿ ತಿರುಗಿ, ಮತ್ತೆ ಬಂದೆವು. ಈ ಸಲ ಅತ್ತೆ ನನ್ನ ಹೊಟ್ಟೆಯನ್ನು ಹಿಡಿಯಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಸುರಕ್ಷತೆಯ ದೃಷ್ಟಿಯಿಂದ ಇದು ತಪ್ಪು, ಹಾಗೆಂದು ಅವರಿಗೆ ಹೇಳಿಯೂ ಇದ್ದೆ.

ಅಣ್ಣ ಎದ್ದು ನಿಂತರು. ಹೆಲ್ಮೆಟ್ಟಿನ ಗಾಜು ಸರಿಸಿ ತಂಗಿಯ ಮುಖವನ್ನು ಖಚಿತಪಡಿಸಿಕೊಂಡರು. ಬೈಕಿನ ಸುತ್ತ ಒಮ್ಮೆ ನಡೆದು, ಸೈಲೆನ್ಸರನ್ನು ಮುಟ್ಟಿ ಕೈ ಸುಟ್ಟುಕೊಂಡು, ಏನೂ ಆಗದವರಂತೆ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ತಮ್ಮ ಗಾಡಿ ಮಾರಿ ಎಷ್ಟೋ ವರ್ಷವಾಯಿತು, ಮಕ್ಕಳು ಹತ್ತಲು ಬಿಡುವುದಿಲ್ಲ ಎಂದರು. ಬಳಿಕ ನನ್ನ ಕಡೆ ನೋಡದೆ, ತಂಗಿಯ ಕಡೆ ನೋಡಿ, ತಮ್ಮನ್ನೂ ಒಂದು ಸುತ್ತು ಕರೆದುಕೊಂಡು ಹೋಗಲಾದೀತೇ ಎಂದು ಕೇಳಿದರು.

ಅತ್ತೆ ಇಳಿದು, ಹೆಲ್ಮೆಟ್ ಕಳಚಿ, ತಾವೇ ಅಣ್ಣನ ತಲೆಗೆ ಹಾಕಿ ಪಟ್ಟಿ ಬಿಗಿದರು.

"ಅಡ್ಡ ಕೂತ್ಕೊ," ಎಂದರು. "ಪಂಚೆ ಉಸಾರು, ಚಕ್ರಕ್ಕೆ ಸಿಕ್ಕೀತು."

ಅಡ್ಡ ಕೂರಿಸುವ ಪದ್ಧತಿಗೆ ನನ್ನ ವಿರೋಧ ಇಂದಿಗೂ ಹಾಗೆಯೇ ಇದೆ. ಅಂದು ಮಾತ್ರ ನಾನು ತುಟಿ ಬಿಚ್ಚದೆ ಗಾಡಿ ಶುರು ಮಾಡಿದೆ. ಅಣ್ಣ ಪಂಚೆಯನ್ನು ಎರಡೂ ಕೈಯಲ್ಲಿ ಮುದುರಿ ಹಿಡಿದು ಅಡ್ಡ ಕೂತರು. ತಲೆಯ ಹಿಂದೆ, ಒದ್ದೆಯಾಗಿ ಬಾಡಿದ್ದ ಮಲ್ಲಿಗೆ ಹೂವು ಇನ್ನೂ ಅಂಟಿಕೊಂಡೇ ಇತ್ತು.