ಮೂತಿ ಕೊಳ್ಳೇಗಾಲಕ್ಕೆ, ಸವಾರಿ ಹನೂರಿಗೆ

ಕೊಳ್ಳೇಗಾಲದಿಂದ ಹನೂರಿಗೆ ನಾನು ವ್ಯಾನು ಓಡಿಸುತ್ತಿದ್ದ ಕಾಲ. ಒಂದು ದಿನ ಕಾಮಗೆರೆ ದಾಟುತ್ತಲೇ ಗೇರ್ ಬಾಕ್ಸು ಕೈಕೊಟ್ಟಿತು. ಮುಂದಕ್ಕೆ ಹೋಗುವ ಗೇರು ಒಂದೂ ಬೀಳದು, ರಿವರ್ಸ್ ಮಾತ್ರ ಗಟ್ಟಿಯಾಗಿತ್ತು. ಅದನ್ನು ಬಿಚ್ಚಿ ರಿಪೇರಿ ಮಾಡಿಸುವುದೋ, ಬೇರೆಯದನ್ನೇ ಹಾಕಿಸುವುದೋ ಎಂದು ಹೇಳಬೇಕಾದ ಯಜಮಾನರು ಹನೂರಿನಲ್ಲಿದ್ದರು. ಪ್ರಯಾಣಿಕರಿಂದ ತಳ್ಳಿಸಿ ವ್ಯಾನಿನ ಮೂತಿಯನ್ನು ಕೊಳ್ಳೇಗಾಲದ ಕಡೆಗೆ ತಿರುಗಿಸಿದೆ. ಅಷ್ಟು ಮಾಡಿದವರು ನನ್ನನ್ನು ನಂಬದೆ ನಡೆದೇ ಹೋದರು. ನಾನೊಬ್ಬನೇ ಕತ್ತು ಹೊರಳಿಸಿಕೊಂಡು ಹಿಂದುಹಿಂದಕ್ಕೆ ಹನೂರಿಗೆ ಹೊರಟೆ.

ನಡುವೆ ರೇಡಿಯೇಟರಿಗೆ ನೀರು ತರಲು ಇಳಿದು ಹೋಗಿ ಬರುವಷ್ಟರಲ್ಲಿ ಒಬ್ಬ ಅಜ್ಜಿ ವ್ಯಾನು ಹತ್ತಿ ನಿದ್ದೆ ಹೊಡೆಯುತ್ತಿತ್ತು. ಹನೂರಿಗೇ ಇರಬೇಕೆಂದು ಎಬ್ಬಿಸಲಿಲ್ಲ.

"ಕೊಳ್ಳೇಗಾಲ ಬಂತೇನ್ಲಾ?" ಎಂದು ಅಜ್ಜಿ ಎದ್ದಾಗ ಯಜಮಾನರ ಮನೆ ಮುಂದಿದ್ದೆವು.

"ಇದು ಅನೂರು ಕಣಜ್ಜಿ."

"ಮೂತಿ ಅತ್ತಾಗೆ ಮಡಿಕ್ಕಂಡು ಇತ್ತಾಗ್ ಬಂದಿದ್ದೀಯಲ್ಲೋ ಮೂದೇವಿ! ಮೊಮ್ಮಗಳಿಗೆ ಗಂಡು ನೋಡಕೆ ಓಗ್ಬೇಕು ನಾನು!"

ಗಲಾಟೆಗೆ ಯಜಮಾನರು ಹೊರಗೆ ಬಂದರು. ಸಂಗತಿ ಕೇಳಿ, "ರಿವರ್ಸ್ ಚೆನ್ನಾಗೈತಲ್ಲ, ರಿಪೇರಿನೇ ಸಾಕು ಕಣ್ಲಾ" ಅಂದರು.

ಅಜ್ಜಿ ಅವರ ಕೈ ಹಿಡಿದೆಳೆಯಿತು. "ಅಂಗಾರೆ ನೀನೂ ವ್ಯಾನ್ ಅತ್ತು ಸ್ವಾಮಿ. ಬೀಗರ ಮನೆಗೆ ಇಬ್ರೂ ಬೆನ್ನು ಮುಂದಾಗಿ ಓಗನ!"

ನೆರೆದಿದ್ದ ಜನ ಗೊಳ್ಳೆಂದರು. "ಬೇರೆ ಗೇರ್ ಬಾಕ್ಸೇ ಹಾಕ್ಸು ಮಾರಾಯ" ಎಂದ ಯಜಮಾನರು, ತಾವೇ ಗಾಡಿ ಕಟ್ಟಿಸಿ ಅಜ್ಜಿಯನ್ನು ಕೊಳ್ಳೇಗಾಲಕ್ಕೆ ಕಳಿಸಿದರು.

ವ್ಯಾನು ಸರಿಹೋಯಿತು. ಆದರೂ ಕಾಮಗೆರೆಯವರು ಬಹಳ ಕಾಲ, "ಇವತ್ತು ಯಾವ ಕಡೀಕ್ ಸಾ, ಮುಂದಕ್ಕೋ ಹಿಂದಕ್ಕೋ?" ಎಂದು ಕೇಳದೆ ಹತ್ತುತ್ತಿರಲಿಲ್ಲ.